ತಿರುಪು ಕಂಡರೆ ಸುಮ್ಮನಿರದ ಕೈ

ಲೋಕದಲ್ಲಿ ಜನ ಎರಡು ಬಗೆ. ತಿರುಪು ಕಂಡರೆ ತಿರುಗಿಸುವವರು ಒಂದು ಬಗೆ, ತಿರುಗಿಸಿದವರನ್ನು ಬೈಯುವವರು ಇನ್ನೊಂದು ಬಗೆ. ನಾನು ಮೊದಲನೆಯವನು, ನನ್ನ ಹೆಂಡತಿ ಸುಶೀಲ ಎರಡನೆಯವಳು. ಹಾಗಾಗಿ ನಮ್ಮದು ಹೇಳಿ ಮಾಡಿಸಿದ ಜೋಡಿ. ಚಿಕ್ಕಂದಿನಲ್ಲಿ ನಮ್ಮ ಮನೆಯ ಕಪ್ಪು ಬಿಳುಪು ಟಿವಿಯ ಹಿಂಬದಿಯಲ್ಲಿ ಸಾಲಾಗಿ ತಿರುಪುಗಳಿದ್ದವು. ಚಿತ್ರ ಚೆನ್ನಾಗಿಯೇ ಬರುತ್ತಿತ್ತು. ಇನ್ನೊಂದು ಚೂರು ಚೆನ್ನಾಗಿ ಬರಲಿ ಎಂದು ನಾನು ಕೈ ಹಾಕಿದೆ. ಅಂದಿನಿಂದ ವಾರ್ತೆ ಓದುವಾಕೆಯ ಗದ್ದ ಪರದೆಯ ಮೇಲ್ಗಡೆ, ಹಣೆ ಕೆಳಗಡೆ. ಅಪ್ಪ ಪಾಪ ಅದಕ್ಕೂ ಒಗ್ಗಿಕೊಂಡರು. ದೇಶದ ಸುದ್ದಿ ಹೇಗಿದ್ದರೂ ತಲೆಕೆಳಗಾಗಿಯೇ ಇರುತ್ತದೆ ಬಿಡು ಎಂದು ನನ್ನನ್ನು ಸಮಾಧಾನ ಮಾಡಿದರು. ಆ ಸಮಾಧಾನವೇ ನನ್ನನ್ನು ಕೆಡಿಸಿತು ಎಂದು ಸುಶೀಲಳ ವಾದ. ಆವತ್ತೇ ಎರಡು ಬಾರಿಸಿದ್ದರೆ ಮುಂದಿನ ಅನಾಹುತಗಳು ತಪ್ಪುತ್ತಿದ್ದವಂತೆ.

ಮುಂದಿನ ಅನಾಹುತಗಳಲ್ಲಿ ನನ್ನ ಸ್ಕೂಟರ್ ಒಂದು. ಅದರ ಕಾರ್ಬುರೇಟರಿನ ತಿರುಪನ್ನು ನಾನು ಎಷ್ಟು ಸಲ ಸರಿ ಮಾಡಿದೆನೆಂದರೆ, ಕೊನೆಗೆ ಅದು ಹಲಸೂರು ಕೆರೆಯ ಸಿಗ್ನಲ್ಲಿಗೆ ಬಂದ ಕೂಡಲೇ ತಾನಾಗಿ ನಿಂತುಬಿಡುವ ಅಭ್ಯಾಸ ಮಾಡಿಕೊಂಡಿತು. ಹಸಿರು ದೀಪವಿದ್ದರೂ ನಿಲ್ಲುತ್ತಿತ್ತು. ಇನ್ನೊಂದು, ನಮ್ಮ ಬೀದಿಯ ಬೇಕರಿ. ನಾವು ಬಾಡಿಗೆಗಿದ್ದ ಬಡಾವಣೆಗೆ ಸರ್ವಜ್ಞನಗರ ಎಂದು ಹೆಸರಿಟ್ಟಿದ್ದರೂ ಆಟೋದವರಿಗೆ ಕಾಕ್ಸ್ ಟೌನ್ ಎಂದರೆ ಮಾತ್ರ ತಿಳಿಯುತ್ತಿತ್ತು. ಅಲ್ಲಿಯ ಬೇಕರಿ ಅಂಕಲ್ ಒಂದು ಸಂಜೆ, 'ಓವನ್ ಯಾಕೋ ಸ್ವಲ್ಪ ತಣ್ಣಗಿದೆ' ಎಂದು ತಮ್ಮಷ್ಟಕ್ಕೆ ತಾವೇ ಗೊಣಗಿಕೊಂಡರು. ನನಗೆ ಹೇಳಿದ್ದಲ್ಲ. ಆದರೂ ನಾನು ಒಳಗೆ ಹೋಗಿ ನೋಡಿಕೊಟ್ಟೆ. ಅಂದಿನ ಬನ್ನುಗಳನ್ನು ಅವರು ಮಾರನೆಯ ದಿನ ರಸ್ಕ್ ಎಂದು ಮಾರಬೇಕಾಯಿತು. ಈಗ ನಾನು ಅಂಗಡಿ ಮುಂದೆ ನಿಂತರೆ ಅವರು ಮೊದಲು ಓವನ್ನಿನ ಮುಂದೆ ಬಂದು ನಿಲ್ಲುತ್ತಾರೆ, ಆಮೇಲೆ ಏನು ಬೇಕೆಂದು ಕೇಳುತ್ತಾರೆ.

ಇಂಥ ಕೈಯಿರುವವನು ಸರ್ವೋ ಮೋಟರಿನ ಹತ್ತಿರ ಸುಳಿಯಬಾರದಿತ್ತು. ಆದರೆ ಹಣೆಬರಹ ಎಂಬುದೊಂದಿದೆಯಲ್ಲ. ನಾನೂ ಮರ್ಫಿ ಟೌನಿನ ಸೆಲ್ವರಾಜನೂ ಒಂದೇ ಕಾರ್ಖಾನೆಯಲ್ಲಿ ದುಡಿದು, ಸ್ವಯಂ ನಿವೃತ್ತಿ ಎಂಬ ಮರ್ಯಾದಸ್ಥ ಹೆಸರಿನಲ್ಲಿ ಒಂದೇ ದಿನ ಮನೆಗೆ ಬಂದವರು. ನಮ್ಮ ಹಿಂದೆಯೇ ಅಲ್ಲಿಯ, ಕಬ್ಬಿಣ ಕೊರೆಯುವ ಹಳೆಯ ಮಿಲ್ಲಿಂಗ್ ಮಿಷಿನ್ನೊಂದನ್ನೂ ಗುಜರಿಗೆ ಹಾಕಿದರು. ನಾವು ಅದನ್ನು ಕೊಂಡುಕೊಂಡೆವು. ಮೂವರು ನಿವೃತ್ತರೂ ಸೇರಿ ಹೊಸ ಬಾಳು ಶುರುಮಾಡೋಣ ಎಂದು ಆಸೆ. ಅದರ ಕೈಚಕ್ರಗಳನ್ನು ಕಿತ್ತು, ಮೋಟರು ಕೂಡಿಸಿ, ಕಂಪ್ಯೂಟರಿಗೆ ಜೋಡಿಸಿ, ಅದು ಹೇಳಿದಂತೆ ಓಡುವ ಸಿಎನ್‌ಸಿ ಮಾಡಿದೆವು. ಹೀಗೆ ಹಳೆ ಮೈಗೆ ಹೊಸ ತಲೆ ಇಡುವುದಕ್ಕೆ ರೆಟ್ರೋಫಿಟ್ ಎನ್ನುತ್ತಾರೆ. ಮೋಟರುಗಳು ಶಿವಾಜಿನಗರದ ರೆಹಮತ್ ಭಾಯ್ ಅಂಗಡಿಯವು. 'ಮಾಲ್ ಅಸ್ಲೀ ಇದೆ ಸಾಬ್, ಫುಲ್ ಗ್ಯಾರಂಟಿ' ಎಂದರು. ಎಲ್ಲಿಯವರೆಗೆ ಗ್ಯಾರಂಟಿ ಎಂದು ಕೇಳಿದ್ದಕ್ಕೆ, 'ಶಿವಾಜಿನಗರ ದಾಟೋವರ್ಗೂ' ಎಂದು ನಕ್ಕರು. ಆಗ ಅದನ್ನು ತಮಾಷೆ ಎಂದುಕೊಂಡೆ.

ಮಿಷಿನ್ ಇಡಲು ಜಾಗ ಕೊಟ್ಟವರು ನನ್ನ ಮಾವ ಮುನಿವೆಂಕಟಪ್ಪನವರು. ಅವರು ಗರುಡಾಚಾರ್‌ಪಾಳ್ಯದ ಮೂಲನಿವಾಸಿ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲಾಗಿ ಶೆಡ್ಡು ಕಟ್ಟಿ ಬಾಡಿಗೆಗೆ ಬಿಟ್ಟಿದ್ದರು. ಅದರಲ್ಲೊಂದು ನಮಗೆ. ಜಾಗ ಕೊಟ್ಟರೇ ಹೊರತು ನಂಬಿಕೆ ಕೊಡಲಿಲ್ಲ. ಮಗಳು ಯಾರನ್ನೋ ಇಷ್ಟಪಟ್ಟು ಮದುವೆಯಾದಳು, ಆ ಯಾರೋ ಇದ್ದ ಕೆಲಸವನ್ನೂ ಬಿಟ್ಟು ಬಂದ ಎಂಬ ಲೆಕ್ಕ ಅವರ ಮನಸ್ಸಿನಲ್ಲಿ ಯಾವತ್ತೂ ಇತ್ತು. ನೀರಿನ ಕ್ಯಾನ್ ವ್ಯಾಪಾರದವನೊಬ್ಬ ಅದೇ ಶೆಡ್ಡಿನ ಮೇಲೆ ಕಣ್ಣಿಟ್ಟಿದ್ದ. ಮಾವ ಕಡ್ಡಿ ಮುರಿದಂತೆ ಹೇಳಿದರು: 'ಅಳಿಯಂದ್ರೇ, ಆಯುಧಪೂಜೆವರ್ಗೂ ನೋಡ್ತೀನಿ. ಅಷ್ಟ್ರಲ್ಲಿ ಮಿಷಿನ್ ನೆಟ್ಟಗೆ ಓಡಿದ್ರೆ ಶೆಡ್ಡು ನಿಮ್ದು. ಇಲ್ದಿದ್ರೆ ನೀರ್ನೋನ್ಗೆ ಕೊಟ್ಬಿಡ್ತೀನಿ. ಬ್ಯಾಸ್ರ ಮಾಡ್ಕೋಬ್ಯಾಡಿ.' ಬೇಸರ ಮಾಡಿಕೊಳ್ಳಬೇಡಿ ಎಂದು ಅವರು ಹೇಳಿದಾಗಲೇ ನನಗೆ ಬೇಸರವಾಗಿಹೋಯಿತು. ಶೆಡ್ಡು ಹೋದರೆ ಮಿಷಿನ್ನನ್ನು ಕಾಕ್ಸ್ ಟೌನಿನ ಬಾಡಿಗೆ ಮನೆಯ ನಡುಮನೆಯಲ್ಲಿ ಇಡಲಾಗುತ್ತದೆಯೇ?

ಹಾಗೆಂದು ಮಾವನಿಗೆ ಕೆಟ್ಟ ಮನಸ್ಸಿರಲಿಲ್ಲ. ಮಿಷಿನ್ ಮೊದಲು ಚಾಲೂ ಮಾಡಿದ ದಿನ ಅವರೇ ಹೂವು, ಅರಿಶಿನ, ಕುಂಕುಮ, ನಿಂಬೆಹಣ್ಣು ಹಿಡಿದು ಬಂದರು. ಹೊಸ ಗಾಡಿಗೆ ಪೂಜೆ ಮಾಡಿದಂತೆಯೇ ಮಾಡಬೇಕೆಂದು ಅವರ ಮನಸ್ಸು. ಆರತಿಯೆಲ್ಲ ಆಯಿತು. ನಿಂಬೆಹಣ್ಣು ಹಿಡಿದುಕೊಂಡು ಮಿಷಿನ್ನಿಗೆ ಒಂದು ಸುತ್ತು ಬಂದು, 'ಚಕ್ರ ಎಲ್ಲೈತೆ?' ಎಂದರು. ಚಕ್ರ ಇಲ್ಲ ಮಾವ, ಕೆಲಸದ ಕಬ್ಬಿಣ ಕೂರುವ ಈ ಟೇಬಲ್ಲೇ ಜಾರುಹಳಿಯ ಮೇಲೆ ಆಚೀಚೆ ಓಡುತ್ತದೆ ಎಂದು ವಿವರಿಸಿದೆ. 'ಹಂಗಾದ್ರೆ ಅದು ಓಡೋ ದಾರೀಲಿ ಇಡ್ಬೇಕು. ಎಲ್ಲಿ ಇಡ್ಲಿ, ನೀವೇ ತೋರ್ಸಿ' ಎಂದರು. ಮಾವ ನನ್ನನ್ನು ಒಂದು ವಿಷಯ ಕೇಳಿದ್ದು ಅದೇ ಮೊದಲು. ನಾನು ಉಬ್ಬಿಹೋಗಿ, ಟೇಬಲ್ಲಿನ ಎಡಬದಿಯಲ್ಲಿ ಎರಡು ಹಳಿಗಳ ಮೇಲೂ ಒಂದೊಂದು ಹಣ್ಣು ಇಡಿಸಿ ಬಟನ್ ಒತ್ತಿದೆ. ಟೇಬಲ್ ಗಂಭೀರವಾಗಿ ಬಂದು ಪಚಕ್ ಎಂದು ಎರಡನ್ನೂ ತುಳಿಯಿತು. ಚಪ್ಪಾಳೆ ಬಿತ್ತು. ಕಂಡಷ್ಟನ್ನು ಸೆಲ್ವರಾಜ ಬಟ್ಟೆಯಲ್ಲಿ ಒರೆಸಿದ. ಎಲ್ಲರೂ ಪೊಂಗಲ್ ತಿಂದೆವು.

ಮೊದಲ ಕೆಲವು ದಿನ ಮಿಷಿನ್ ಮಗುವಿನಂತೆ ಹೇಳಿದ ಮಾತು ಕೇಳಿತು. ಆಮೇಲೆ ರಾಗ ತೆಗೆಯಿತು. ವೇಗವಾಗಿ ಓಡಿಸಿದರೆ ಓಡುತ್ತಿತ್ತು. ನಿಧಾನವಾಗಿ ಹೋಗು ಎಂದರೆ ಮಾತ್ರ ಟೇಬಲ್ ಕದಲುತ್ತಿರಲಿಲ್ಲ, ಕದಲುತ್ತಿರಲಿಲ್ಲ, ಆಮೇಲೆ ದಡಕ್ಕನೆ ಹಾರುತ್ತಿತ್ತು. ಮಳೆಗಾಲದಲ್ಲಿ ಉಬ್ಬಿದ ಮರದ ಡ್ರಾಯರನ್ನು ಎಳೆದವರಿಗೆ ಇದು ಗೊತ್ತು: ಬರದೆ ಬರದೆ, ಬಂದಾಗ ಕೈಗೇ ಬಂದುಬಿಡುತ್ತದೆ. ಕಟರ್ ಜಾಗದಲ್ಲಿ ಬಾಲ್‌ಪೆನ್ ಕಟ್ಟಿ, ಟೇಬಲ್ ಮೇಲೆ ಕಾಗದ ಅಂಟಿಸಿ, ಒಂದು ವೃತ್ತ ಬರೆ ಎಂದು ಹೇಳಿದೆವು. ನಾನು ಅಡುಗೆ ಕಲಿಯಲು ಹೋಗಿದ್ದ ದಿನಗಳ ಚಪಾತಿ ಕಾಗದದ ಮೇಲೆ ಮೂಡಿತು. ಅಷ್ಟರಲ್ಲಿ ಒಳಗೆ ಬಂದ ಮಾವ ಅದನ್ನು ನೋಡಿ, 'ಇದೇನ್ ಅಳಿಯಂದ್ರೇ, ರಂಗೋಲಿ ಬಿಡ್ಸೋಕೆ ಇಷ್ಟೊಂದು ಕರೆಂಟಾ?' ಎಂದು ಕೇಳಿ ಹೋದರು.

ಈಗ ಓದುಗರಿಗೆ ಸರ್ವೋ ಎಂದರೇನು ಎಂದು ಒಂದು ಮಾತು ಹೇಳಬೇಕು. ಸರ್ವೋ ಎಂದರೆ ಒಳ್ಳೆಯ ಅಳಿಯ. ಇಲ್ಲಿಗೆ ಹೋಗು ಎಂದರೆ ಹೋಗುತ್ತದೆ, ಹೋಗಿ ಮುಟ್ಟಿದೆನೋ ಇಲ್ಲವೋ ಎಂದು ತಾನೇ ನೋಡಿಕೊಳ್ಳುತ್ತದೆ, ಹೆಚ್ಚುಕಡಿಮೆಯಾಗಿದ್ದರೆ ತಾನೇ ತಿದ್ದಿಕೊಳ್ಳುತ್ತದೆ. ಎಷ್ಟು ಆತುರದಿಂದ ತಿದ್ದಿಕೊಳ್ಳಬೇಕು ಎಂಬುದಕ್ಕೆ ಒಂದು ಅಂಕಿ ಇದೆ, ಅದಕ್ಕೆ ಗೇನ್ ಎನ್ನುತ್ತಾರೆ. ಗೇನ್ ಕಡಿಮೆಯಾದರೆ ಆಲಸಿ, ಹೆಚ್ಚಾದರೆ ಗಾಬರಿಗೆಟ್ಟು ಗುರಿ ದಾಟಿ, ಹಿಂದೆ ಬಂದು, ಮತ್ತೆ ದಾಟಿ, ನಿಂತಲ್ಲೇ ಗಡಗಡ ನಡುಗುತ್ತದೆ. ಈ ಅಂಕಿಯನ್ನು ಬದಲಾಯಿಸಲು ಪ್ಯಾನೆಲ್ ಪೆಟ್ಟಿಗೆಯೊಳಗೆ ಒಂದು ಪುಟ್ಟ ಪರದೆ, ಅದರ ಕೆಳಗೆ ಒಂದು ದುಂಡನೆಯ ತಿರುಪು ಇರುತ್ತದೆ. ತಿರುಪು ಎಂದೆನೇ? ಹೌದು. ಎಡಕ್ಕೂ ತಿರುಗುತ್ತದೆ, ಬಲಕ್ಕೂ ತಿರುಗುತ್ತದೆ, ಪ್ರತಿ ಹೆಜ್ಜೆಗೂ ಟಿಕ್ ಟಿಕ್ ಎಂದು ಬೆರಳಿಗೆ ಹಿತವಾಗುತ್ತದೆ. ಅದನ್ನು ಕಂಡ ಕ್ಷಣವೇ ಮಿಷಿನ್ನಿನ ಕಾಯಿಲೆ ಏನೆಂದು ನನಗೆ ಖಚಿತವಾಯಿತು. ಗೇನ್ ಸರಿಯಿಲ್ಲ!

ಸೆಲ್ವರಾಜ ಪೆಟ್ಟಿಗೆಗೆ ಅಡ್ಡ ನಿಂತ. ಅವನು ನನ್ನ ಸ್ಕೂಟರಿನ ಹಿಂದೆ ಕುಳಿತು ವರ್ಷಗಟ್ಟಲೆ ಕಾರ್ಖಾನೆಗೆ ಬಂದವನು. ಅರ್ಧ ದಾರಿ ಕುಳಿತಿದ್ದ, ಅರ್ಧ ದಾರಿ ತಳ್ಳಿದ್ದ. 'ಗುರು, ವೇಣಾಂಪ್ಪ! ಕೈ ಇಡ್ಬೇಡ. ನಿನ್ ಕೈ ಗುಣ ನಂಗೊತ್ತು' ಎಂದ.

'ಬರೀ ಒಂದು ಟಿಕ್ ಏರಿಸ್ತೀನಿ ಮಗಾ. ನೋಡೋಣ, ಆಮೇಲೆ ವಾಪಸ್ ಇಟ್ಬಿಡ್ತೀನಿ.'

ಏರಿಸಿದೆ. ಟೇಬಲ್ ಮೊದಲಿಗಿಂತ ಬೇಗ ಕದಲಿತು, ಆದರೆ ಹಾರುವುದು ಜೋರಾಯಿತು. ಇನ್ನೊಂದು ಟಿಕ್. ಈಗ ಹಾರಿದ ಮೇಲೆ ನಡುಕವೂ ಬಂತು. ಪರದೆಯಲ್ಲಿ ಗೇನ್ ಜೊತೆಗೆ ಇನ್ನೂ ಕೆಲವು ಅಂಕಿಗಳಿದ್ದವು; ನಡುಕ ನಿಲ್ಲಿಸಲು ಅದರಲ್ಲಿ ಎರಡನೆಯದನ್ನು ಇಳಿಸಿದೆ. ಅದಕ್ಕೆ ಮೂರನೆಯದು ಮುನಿಸಿಕೊಂಡಿತು. ವಾಪಸ್ ಇಡೋಣವೆಂದರೆ ಮೊದಲು ಎಷ್ಟಿತ್ತು ಎಂಬುದೇ ಮರೆತುಹೋಗಿತ್ತು. ದಿನವೂ ಹೀಗೇ ನಡೆಯಿತು. ಬೆಳಗ್ಗೆ ಸರಿ ಹೋಯಿತು ಎಂದು ಕುಣಿಯುವುದು, ಊಟದ ಹೊತ್ತಿಗೆ ಮತ್ತೆ ದಡಕ್. ಎಲ್ಲಕ್ಕೂ ಮದ್ದು ಎಣ್ಣೆ ಎಂದು ನಂಬಿದ ಸೆಲ್ವರಾಜ ದಿನವೂ ಎಣ್ಣೆ ಪಂಪಿನ ಹಿಡಿ ಎಳೆಯುತ್ತಿದ್ದ. ಎಣ್ಣೆ ಒಳಗೆ ಹೋಗುತ್ತಲೂ ಇತ್ತು. ಎಲ್ಲಿಗೆ ಹೋಗುತ್ತಿದೆ ಎಂದು ನೋಡಿದವರು ಯಾರು? ರೆಹಮತ್ ಭಾಯ್‌ಗೆ ಫೋನ್ ಮಾಡಿ ಮೋಟರ್ ಹೀಗೆ ಕುಪ್ಪಳಿಸುತ್ತಿದೆ ಎಂದು ದೂರಿದೆ. 'ಕುಪ್ಪಳ್ಸತ್ತಾ? ಅಂದ್ರೆ ಜಾನ್ ಇದೆ ಸಾಬ್ ಅದ್ರಲ್ಲಿ, ಜೀವ! ಖುಷಿ ಪಡಿ!' ಎಂದು ಫೋನಿಟ್ಟರು.

ಈ ನಡುವೆ ಶೆಡ್ಡಿನೊಳಗೆ ಅದೇನೋ ಹುಳಿ ವಾಸನೆ ಶುರುವಾಗಿತ್ತು. ಅದು ಸೆಲ್ವರಾಜನ ಊಟದ ಕ್ಯಾರಿಯರ್ ಇರಬೇಕೆಂದು ನಾನು ಬಾಯಿಬಿಟ್ಟು ಹೇಳದೆ ಇದ್ದೆ. ನನ್ನದಿರಬೇಕೆಂದು ಅವನು ಬಾಯಿಬಿಟ್ಟೇ ಹೇಳಿದ. 'ನಿಮ್ಮನೇಲಿ ಡಬ್ಬಿ ತೊಳೆಯೋದಿಲ್ವಾ ಗುರು?' ಇದನ್ನು ಮನೆಗೆ ಹೋಗಿ ಸುಶೀಲಳಿಗೆ ಹೇಳಿದ್ದು ನನ್ನ ಜೀವನದ ದೊಡ್ಡ ಟ್ಯೂನಿಂಗ್ ತಪ್ಪುಗಳಲ್ಲೊಂದು. ಮಾರನೆಯ ದಿನದಿಂದ ನನ್ನ ಡಬ್ಬಿ ಫಳಫಳ ಹೊಳೆಯುತ್ತಿತ್ತು, ಒಳಗೆ ಬರೀ ಮೊಸರನ್ನ ಇರುತ್ತಿತ್ತು. ಮನೆಯಲ್ಲೂ ನನ್ನ ಸ್ಥಿತಿ ಕೆಡುತ್ತಿತ್ತು. ನಿದ್ದೆಯಲ್ಲಿ ನನ್ನ ಹೆಬ್ಬೆರಳು ಮತ್ತು ತೋರುಬೆರಳು ಗಾಳಿಯಲ್ಲಿ ಏನನ್ನೋ ತಿರುಗಿಸುತ್ತವೆ ಎಂದು ಅವಳು ತವರಿಗೆ ವರದಿ ಮಾಡಿದಳು. ಆದರೂ ಒಂದು ಸಂಜೆ ಪಕ್ಕದಲ್ಲಿ ಕುಳಿತು, 'ರೀ, ನಿಜ ಹೇಳಿ. ಶೆಡ್ಡು ಹೋಗುತ್ತಾ?' ಎಂದು ಮೆಲ್ಲಗೆ ಕೇಳಿದಳು. ಹೋಗುವುದಿಲ್ಲ, ಇನ್ನೊಂದೇ ಟಿಕ್ ಬಾಕಿ ಎಂದೆ. ಅವಳು ನಗಲಿಲ್ಲ. ಅಪ್ಪನ ಮುಂದೆ ನನ್ನನ್ನು ವಹಿಸಿಕೊಂಡು ಮಾತಾಡಿ ಮಾತಾಡಿ ಅವಳಿಗೂ ಸಾಕಾಗಿದೆ ಎಂದು ಆಗ ತಿಳಿಯಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಆಯುಧಪೂಜೆ ಬಂದೇಬಿಟ್ಟಿತು. ಬೆಳಗ್ಗೆ ಶೆಡ್ಡಿನ ಬಾಗಿಲಿಗೆ ನಾವು ಬಾಳೆಕಂದು ಕಟ್ಟುತ್ತಿದ್ದಾಗ ಮಾವ ಬಂದರು. ಒಂದು ಕೈಯಲ್ಲಿ ಬೂದುಗುಂಬಳಕಾಯಿ, ಇನ್ನೊಂದು ಕೈಯಲ್ಲಿ ಪೂಜೆಯ ಚೀಲ. ಹಿಂದೆ ನೀರಿನ ಕ್ಯಾನಿನವನು, ಅವನ ಕೈಯಲ್ಲಿ ಅಳತೆಯ ಟೇಪು. ಅವನು ನಮಸ್ಕಾರ ಎಂದವನೇ ಗೋಡೆಯಿಂದ ಗೋಡೆಗೆ ಅಳೆಯತೊಡಗಿದ. ಹೆಣ ಏಳುವ ಮೊದಲೇ ಜಾಗ ಅಳೆದಂತಾಯಿತು ನನಗೆ. ಮಾವ ನನ್ನ ಮುಖ ನೋಡಿದರು. ಸ್ವಲ್ಪ ಕರಗಿದರೋ ಏನೋ. 'ಒಂದ್ ಕೆಲ್ಸ ಮಾಡಣ ಅಳಿಯಂದ್ರೇ. ಮಿಷಿನ್ಗೆ ದೃಷ್ಟಿ ಆಗೈತೆ. ಇನ್ನೊಂದ್ ಸಲ ನಿಂಬೆಹಣ್ಣು ಇಟ್ಟು ತುಳ್ಸಣ. ಹೋದ್ಸಲ ಎಲ್ಲಿಟ್ಟಿದ್ವೋ ಸರಿಯಾಗಿ ಅಲ್ಲೇ ಇಡ್ಬೇಕು. ಎಲ್ಲಿ, ತೋರ್ಸಿ' ಎಂದರು.

ತೋರಿಸಲೆಂದು ನಾನು ಟೇಬಲ್ಲನ್ನು ಪೂರ್ತಿ ಬಲಕ್ಕೆ ಓಡಿಸಿ, ಎಡಬದಿಯ ಹಳಿಯ ಮೇಲೆ ಬಗ್ಗಿದೆ. ಸರಿಯಾಗಿ ಇದೇ ಜಾಗ ಎಂದು ಬೆರಳಿಟ್ಟೆ. ಬೆರಳಿಗೆ ಎಣ್ಣೆ ಹತ್ತಲಿಲ್ಲ. ಆ ಹಳಿಯಾದ್ಯಂತ ಎಣ್ಣೆ ಜಿನುಗಬೇಕು, ಅದಕ್ಕೆಂದೇ ಅಲ್ಲಲ್ಲಿ ಸಣ್ಣ ತೂತುಗಳಿರುತ್ತವೆ. ಈ ತುದಿಯಲ್ಲಿ ಹಳಿ ಕಾದ ಹೆಂಚಿನಂತೆ ಒಣಗಿತ್ತು. ತೂತಿನಲ್ಲಿ ಏನೋ ಬಿಳಿ ಚುಕ್ಕೆ ಕಂಡಿತು. ಉಗುರಿನಿಂದ ಕೆದಕಿದೆ. ನಿಂಬೆಬೀಜ. ಅದರ ಹಿಂದೆ ಕಪ್ಪಾಗಿ ಕರಗಿದ ತಿರುಳು. ಮೂಗಿನ ಹತ್ತಿರ ತಂದೆ. ಒಂದು ತಿಂಗಳು ಎಣ್ಣೆಯಲ್ಲಿ ನೆಂದು, ಶೆಡ್ಡಿನ ತಗಡಿನ ಕಾವಿಗೆ ಮಾಗಿ, ಉಪ್ಪು ಖಾರ ಒಂದು ಬಿಟ್ಟರೆ ಮಿಕ್ಕೆಲ್ಲ ಹದಕ್ಕೆ ಬಂದಿದ್ದ ಉಪ್ಪಿನಕಾಯಿ! ಎಣ್ಣೆ ಕಾಣದ ಟೇಬಲ್ ಹಳಿಗೆ ಕಚ್ಚಿಕೊಳ್ಳುತ್ತಿತ್ತು, ಮೋಟರ್ ದಬ್ಬಿ ದಬ್ಬಿ ಸಾಕಾಗಿ ಒಮ್ಮೆಲೇ ಎಳೆದುಕೊಂಡು ಹಾರುತ್ತಿತ್ತು. ನಾನು ಗೇನ್ ಏರಿಸುತ್ತಿದ್ದೆ. ಕಾಲಿಗೆ ಹಗ್ಗ ಕಟ್ಟಿದ ಎತ್ತಿಗೆ ಚಾಟಿ ಬೀಸಿದಂತೆ.

ಈಗೇನು ಮಾಡುವುದು? ನಿಜ ಹೇಳಿದರೆ ಮಾವನ ಪೂಜೆಯಿಂದಲೇ ಮಿಷಿನ್ ಕೆಟ್ಟಿತು ಎಂದು ಮಾವನ ಎದುರೇ, ಹಬ್ಬದ ದಿನ, ನೀರಿನವನ ಮುಂದೆ ಹೇಳಬೇಕು. ಮೇಲಾಗಿ ಜಾಗ ತೋರಿಸಿದವನು ನಾನೇ. ಬೀಜವನ್ನು ಮುಷ್ಟಿಯಲ್ಲಿ ಅಡಗಿಸಿ, 'ಮಾವ, ಶಾಸ್ತ್ರ ಕ್ರಮವಾಗಿ ಆಗಲಿ. ಮೊದಲು ಹೊರಗೆ ಕುಂಬಳಕಾಯಿ ಒಡೆದುಬಿಡಿ' ಎಂದೆ. ನನ್ನ ಬಾಯಲ್ಲಿ ಶಾಸ್ತ್ರದ ಮಾತು ಕೇಳಿ ಅವರಿಗೆ ಸಂತೋಷವಾಯಿತು. ಕುಂಬಳಕಾಯಿಗೆ ತೂತು ಕೊರೆದು ಕುಂಕುಮ ತುಂಬಲು ಹೊರಗೆ ಹೋದರು. ಟೇಪಿನ ಇನ್ನೊಂದು ತುದಿ ಹಿಡಿಯುವವರಿಲ್ಲದೆ ನೀರಿನವನೂ ಹಿಂದೆ ಹೋದ. ನಾನು ಮುಷ್ಟಿ ಬಿಚ್ಚಿ ಸೆಲ್ವರಾಜನಿಗೆ ತೋರಿಸಿದೆ. ಅವನು ಬೀಜ ನೋಡಿದ, ಹಳಿ ನೋಡಿದ, ನನ್ನನ್ನು ನೋಡಿದ. 'ಅಂದ್ರೆ ನನ್ ಕ್ಯಾರಿಯರ್ ಅಲ್ಲ' ಎಂದ. ತಿಂಗಳಿಂದ ಅವನ ಮನಸ್ಸಿನಲ್ಲಿದ್ದದ್ದು ಅದೊಂದೇ ಎಂದು ಕಾಣುತ್ತದೆ.

ತಂತಿ ಚುಚ್ಚಿ ತೂತು ಬಿಡಿಸಿದೆವು, ಹಳಿ ತೊಳೆದೆವು, ಪಂಪು ಎಳೆದೆವು. ಎಣ್ಣೆ ಬುಳಬುಳ ಉಕ್ಕಿತು. ಬಟನ್ ಒತ್ತಿದರೆ ಟೇಬಲ್ ದೇವರು ಬಂದವರ ಹಾಗೆ ನಡುಗತೊಡಗಿತು. ತಿಂಗಳಿಡೀ ನಾನು ಏರಿಸಿದ್ದ ಗೇನ್ ಎಲ್ಲ ಹಗ್ಗ ಬಿಚ್ಚಿದ ಎತ್ತಿನ ಮೇಲೆ ಈಗ ಒಟ್ಟಿಗೆ ಬಿದ್ದಿತ್ತು. ಹೊರಗೆ ಮಾವ ಆಗಲೇ ಕರ್ಪೂರ ಹಚ್ಚುತ್ತಿದ್ದರು. ಪ್ಯಾನೆಲ್ಲಿನ ಆ ತಿರುಪನ್ನು ಒಳಗೆ ಒತ್ತಿ ಹಿಡಿದರೆ ಎಲ್ಲ ಅಂಕಿಗಳೂ ತಯಾರಕರು ಇಟ್ಟಿದ್ದ ಮೊದಲ ಸ್ಥಿತಿಗೆ ಹೋಗುತ್ತವೆ ಎಂದು ನನಗೆ ಮೊದಲಿಂದಲೂ ಗೊತ್ತಿತ್ತು. ಆದರೆ ಅದು ಸೋಲೊಪ್ಪಿಕೊಂಡಂತೆ. ತಿರುಪನ್ನು ತಿರುಗಿಸದೆ ಬರೀ ಒತ್ತುವುದು ನನ್ನ ಜಾತಿಯವರು ಮಾಡುವ ಕೆಲಸವಲ್ಲ. ಕಣ್ಣು ಮುಚ್ಚಿ ಒತ್ತಿ ಹಿಡಿದೆ. ಹೊರಗೆ ಕುಂಬಳಕಾಯಿ ಫಟ್ ಎಂದು ಒಡೆಯಿತು. ಒಳಗೆ ನನ್ನ ಒಂದು ತಿಂಗಳ ಸಾಧನೆ ಸದ್ದಿಲ್ಲದೆ ಅಳಿಸಿಹೋಯಿತು.

ಮಾವ ಒಳಗೆ ಬಂದಾಗ, ನಿಂಬೆಹಣ್ಣನ್ನು ಈ ಸಲ ನೆಲಕ್ಕೇ ಇಟ್ಟು ಕಾಲಲ್ಲಿ ತುಳಿಯುವುದು ಹೆಚ್ಚು ಶ್ರೇಷ್ಠವಂತೆ ಎಂದೆ. ಯಾರು ಹೇಳಿದರು ಎಂದು ಅವರು ಕೇಳಲಿಲ್ಲ, ದೇವರು ದೊಡ್ಡವನು. ತುಳಿದರು. ಮಿಷಿನ್ ಚಾಲೂ ಮಾಡಿದೆ. ಟೇಬಲ್ ಬೆಣ್ಣೆಯ ಮೇಲೆ ಜಾರಿದಂತೆ ಜಾರಿತು, ಪೆನ್ನು ಕಾಗದದ ಮೇಲೆ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದು ಸೇರಿತು. ಮಾವ ಕನ್ನಡಕ ಏರಿಸಿ, ಗೆರೆಯ ಮೇಲೆ ಬೆರಳಾಡಿಸಿದರು. 'ಹುಣ್ಣಿಮೆ ಚಂದ್ರ ಇದ್ದಂಗೈತೆ' ಎಂದರು. ನೀರಿನವನ ಕಡೆ ತಿರುಗಿ, 'ನೀನು ಟೇಪು ಸುತ್ಕಳಪ್ಪ' ಎಂದರು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಶೆಡ್ಡು ಉಳಿಯಿತು, ಸುಶೀಲಳ ಮಾತು ಉಳಿಯಿತು. ಅಳಿಯನ ಮಾನವೂ ಉಳಿದೇಬಿಡುತ್ತಿತ್ತು, ಆದರೆ ಅಷ್ಟರಲ್ಲಿ ನಾನು ಪ್ಯಾನೆಲ್ ಬಾಗಿಲು ತೆರೆದು ತಿರುಪಿನ ಮೇಲೆ ಬೆರಳಿಟ್ಟಿದ್ದೆ. ಇಷ್ಟು ಚೆನ್ನಾಗಿ ಬಂದಿದೆಯಲ್ಲ, ಇನ್ನೊಂದೇ ಒಂದು ಟಿಕ್ ಏರಿಸಿದರೆ...

ನನ್ನ ಮಣಿಕಟ್ಟನ್ನು ಯಾರೋ ಗಟ್ಟಿಯಾಗಿ ಹಿಡಿದರು. ನೇಗಿಲು ಹಿಡಿದ ಕೈ. 'ಅಳಿಯಂದ್ರೇ' ಎಂದರು ಮಾವ, ಬಹಳ ಮೆಲ್ಲಗೆ. 'ಬೀಜ ನೆಟ್ಟ ಮ್ಯಾಲೆ ಮೊಳಕೆ ಬಂತಾ ಅಂತ ದಿನಾ ಕಿತ್ತು ನೋಡಬಾರ್ದು.' ಬೀಜ ಎಂದು ಅವರು ಸುಮ್ಮನೆ ಅಂದರೋ, ನನ್ನ ಮುಷ್ಟಿಯಲ್ಲಿದ್ದದ್ದನ್ನು ಕಂಡಿದ್ದರೋ, ಇವತ್ತಿಗೂ ನನಗೆ ತಿಳಿಯದು. ಕೇಳುವ ಧೈರ್ಯವೂ ಇಲ್ಲ. ಪ್ಯಾನೆಲ್ ಬಾಗಿಲು ಹಾಕಿ, ಬೀಗ ತಿರುಗಿಸಿ, ಕೀಲಿಯನ್ನು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡರು. ಶೆಡ್ಡು ನಿಮ್ಮದು, ಈ ಕೀಲಿ ನಂದು ಎಂದು ಕರಾರಾಯಿತು. ಸೆಲ್ವರಾಜ ಮೊದಲ ಸಲ ನನ್ನ ಮಾವನ ಕಾಲಿಗೆ ನಮಸ್ಕಾರ ಮಾಡಿದ.

ಅಂದಿನಿಂದ ಮಿಷಿನ್ ಒಂದು ದಿನವೂ ತಂಟೆ ಮಾಡಿಲ್ಲ. ಮಾವನ ಪ್ರಕಾರ ಅದು ಎರಡನೆಯ ನಿಂಬೆಹಣ್ಣಿನ ಮಹಿಮೆ. ನನ್ನ ಪ್ರಕಾರ ಎಣ್ಣೆಯದು. ಪ್ಯಾಂಟು ಒಗೆಯುವಾಗ ಜೇಬಿನಲ್ಲಿ ನಿಂಬೆಬೀಜ ಸಿಕ್ಕಿ ಎಲ್ಲ ಕಥೆ ಬಾಯಿಬಿಡಿಸಿದ ಸುಶೀಲ ಹೇಳುವುದು, 'ಅಪ್ಪನ್ ನಿಂಬೆಹಣ್ಣೂ ಅಲ್ಲ, ನಿಮ್ಮೆಣ್ಣೇನೂ ಅಲ್ಲ ರೀ. ಬೀಗ!' ಅವಳೇ ಸರಿ ಎಂದು ಒಮ್ಮೊಮ್ಮೆ ನನಗೂ ಅನ್ನಿಸುತ್ತದೆ. ಆದರೆ ಒಂದು ಸಂಗತಿ ಅವಳಿಗೂ ಗೊತ್ತಿಲ್ಲ, ಮಾವನಿಗೂ ಗೊತ್ತಿಲ್ಲ. ಈ ಪ್ಯಾನೆಲ್ ಪೆಟ್ಟಿಗೆಗಳ ಕೀಲಿಗಳೆಲ್ಲ ಒಂದೇ ಅಚ್ಚಿನವು. ಒಂದರದು ಇನ್ನೊಂದಕ್ಕೆ ಆಗುತ್ತದೆ, ರೆಹಮತ್ ಭಾಯ್ ಅಂಗಡಿಯಲ್ಲಿ ಗೊಂಚಲು ಗೊಂಚಲಾಗಿ ತೂಗುಹಾಕಿರುತ್ತಾರೆ. ಮೊನ್ನೆ ಆ ಕಡೆ ಹೋಗಿದ್ದಾಗ ಒಂದು ತಂದೆ. ಬಳಸಿಲ್ಲ, ದೇವರಾಣೆ. ಸುಮ್ಮನೆ ಜೇಬಿನಲ್ಲಿದೆ. ಆಗಾಗ ಬೆರಳಲ್ಲಿ ತಿರುಗಿಸುತ್ತಿರುತ್ತೇನೆ, ಅಷ್ಟೆ.